ಇಟಲಿಯ ಫ್ಲಾರೆನ್ಸ್‌ನಿಂದ ಸಿಯೆನಾ ಊರಿನ ಕೆಥೆಡ್ರಲ್‌ಗೆ ಒಂದು ದಿನ ಕೊಡಬಹುದಾ?

ಖಂಡಿತ ಕೊಡಿ. ಫ್ಲಾರೆನ್ಸ್‌ನಲ್ಲೇ ಅಷ್ಟೊಂದು ಚರ್ಚುಗಳಿರುವಾಗ ಇನ್ನೊಂದಕ್ಕಾಗಿ ಅಲ್ಲಿವರೆಗೆ ಹೋಗಬೇಕಾ ಎಂದು ಕೇಳಿದ್ದೀರಿ. ಹೋಗಲೇಬೇಕು, ಆದರೆ ತಿಂಗಳು ನೋಡಿಕೊಂಡು ಹೋಗಿ.

ಕಾರಣ ಅಲ್ಲಿನ ನೆಲ. ಇಡೀ ನೆಲವೇ ಚಿತ್ರ! 14ನೇ ಶತಮಾನದಲ್ಲಿ ಶುರುವಾದ ಕೆಲಸ ತಲೆಮಾರುಗಟ್ಟಲೆ ನಡೆಯಿತು. ಒಟ್ಟು 56 ಫಲಕಗಳಿವೆ. ಮೊದಮೊದಲು ಬಿಳಿ ಅಮೃತಶಿಲೆಯಲ್ಲಿ ಗೆರೆ ಕೊರೆದು ಕಪ್ಪು ಗಾರೆ ತುಂಬುತ್ತಿದ್ದರು. ಆಮೇಲೆ ಬೇರೆ ಬೇರೆ ಬಣ್ಣದ ಕಲ್ಲುಗಳನ್ನೇ ಕತ್ತರಿಸಿ ಜೋಡಿಸತೊಡಗಿದರು. 16ನೇ ಶತಮಾನದ ಚಿತ್ರಕಾರ ಬೆಕ್ಕಾಫೂಮಿ ಅಂತೂ ಕಲ್ಲಿನ ಬಣ್ಣದಿಂದಲೇ ನೆರಳು, ಬೆಳಕು ತಂದಿದ್ದಾನೆ. ನಾನು ಹೋದದ್ದು ಸೆಪ್ಟೆಂಬರ್‌ನಲ್ಲಿ. ತಲೆ ಎತ್ತಲು ಮನಸ್ಸೇ ಬರಲಿಲ್ಲ.

ಸವೆಯದಿರಲಿ ಎಂದು ವರ್ಷದ ಜಾಸ್ತಿ ದಿನ ಈ ನೆಲದ ಬಹುಭಾಗವನ್ನು ಮುಚ್ಚಿಟ್ಟಿರುತ್ತಾರೆ. ಸಾಮಾನ್ಯವಾಗಿ ಜೂನ್ ಕೊನೆಯಿಂದ ಜುಲೈವರೆಗೆ, ಮತ್ತೆ ಆಗಸ್ಟ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ತೆರೆಯುತ್ತಾರೆ. ದಿನಾಂಕ ಪ್ರತಿ ವರ್ಷ ಬದಲಾಗುವುದರಿಂದ ಟಿಕೆಟ್ ತಗೊಳ್ಳುವ ಮೊದಲು ಅವರ ವೆಬ್‌ಸೈಟ್ ನೋಡಿ. ಜುಲೈ 2 ಮತ್ತು ಆಗಸ್ಟ್ 16 ಬೇಡ. ಆ ದಿನ ಪಾಲಿಯೋ ಕುದುರೆ ಓಟ, ಊರೆಲ್ಲ ಜನಜಾತ್ರೆ.

ನಿಮ್ಮ ಪ್ರವಾಸ ಚಳಿಗಾಲದಲ್ಲಿದ್ದರೂ ನಿರಾಸೆ ಬೇಡ. ಕಪ್ಪು ಬಿಳಿ ಪಟ್ಟೆಯ ಕಂಬಗಳು, ಅವುಗಳ ಮೇಲೆ ಸಾಲಾಗಿ ಪೋಪ್‌ಗಳ ಮುಖಗಳು, ಎಲ್ಲ ಇದ್ದೇ ಇರುತ್ತವೆ. ಶಿಲ್ಪಿ ನಿಕೋಲಾ ಪಿಸಾನೋ 1265ರಿಂದ 1268ರ ನಡುವೆ ಮಾಡಿದ ಪ್ರವಚನ ಪೀಠದ ಮುಂದೆ ಮಾತ್ರ ನಿಧಾನವಾಗಿ ನಿಲ್ಲಿ. ಗುಂಪಿನಲ್ಲಿ ಬಂದವರು ಒಂದು ಫೋಟೋ ತೆಗೆದು ಮುಂದೆ ಹೋಗಿಬಿಡುತ್ತಾರೆ, ನನಗೆ ಅದು ಬೇಸರ. ಅದರ ಕೆಲವು ಕಂಬಗಳನ್ನು ಸಿಂಹಗಳು ಹೊತ್ತಿವೆ. ಮೇಲಿನ ಫಲಕಗಳಲ್ಲಿ ಯೇಸುವಿನ ಕಥೆ, ಒಬ್ಬರ ಹಿಂದೊಬ್ಬರು ಒತ್ತಿಕೊಂಡು ನಿಂತ ಜನ. ಒಂದೊಂದು ಮುಖಕ್ಕೂ ಒಂದೊಂದು ಭಾವ.

ಚರ್ಚಿನೊಳಗೇ ಎಡಗಡೆಯಿರುವ ಪಿಕೊಲೊಮಿನಿ ಲೈಬ್ರರಿಯನ್ನೂ ಬಿಡಬೇಡಿ. ಪಿಂತುರಿಕ್ಕಿಯೋ 500 ವರ್ಷಗಳ ಹಿಂದೆ ಬರೆದ ಗೋಡೆಚಿತ್ರಗಳ ಬಣ್ಣ ಇವತ್ತಿಗೂ ಮಾಸಿಲ್ಲ.

ಹೊರಗೆ ಬಂದರೆ ಒಂದು ಒಂಟಿ ಗೋಡೆ ಕಾಣುತ್ತದೆ. 1339ರಲ್ಲಿ ಈ ಚರ್ಚನ್ನು ಇನ್ನೂ ಭಾರಿಯಾಗಿ ಕಟ್ಟಲು ಹೊರಟಿದ್ದರು. 1348ರ ಪ್ಲೇಗಿನಲ್ಲಿ ಊರೇ ಅರ್ಧ ಬರಿದಾಯಿತು, ಕೆಲಸ ನಿಂತುಹೋಯಿತು. ಹಾಗೆ ಉಳಿದದ್ದೇ ಈ ಗೋಡೆ, ಅದರ ಮೇಲೆ ಹತ್ತಬಹುದು. ಮೆಟ್ಟಿಲು ಬಹಳ ಕಿರಿದು, ಮಂಡಿನೋವಿರುವ ಹಿರಿಯರು ಜೊತೆಗಿದ್ದರೆ ಕೆಳಗೇ ಕೂರಲಿ.

ರೈಲು ನಿಲ್ದಾಣ ಗುಡ್ಡದ ಕೆಳಗಿದೆ, ಬಸ್ಸು ಹಳೆಯ ಊರಿನ ಹತ್ತಿರವೇ ಇಳಿಸುತ್ತದೆ. ಬಸ್ಸೇ ವಾಸಿ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ.