ಮಾಸ್ತರನ್ನು ಕೇಳಿ: ಈ ವಾರ ಕುಸ್ತಿ

ಪ್ರಶ್ನೆ: ಅಮೆರಿಕದ ಒಬ್ಬ ಹೈಸ್ಕೂಲ್ ಕುಸ್ತಿ ಕೋಚ್ ನೂರಾರು ಪಂದ್ಯ ಗೆದ್ದು ನಿವೃತ್ತರಾದರು ಎಂದು ಓದಿದೆ. ಕುಸ್ತಿ ಹಿಡಿಯುವವರು ಹುಡುಗರು, ಗೆಲುವು ಕೋಚ್ ಲೆಕ್ಕಕ್ಕೆ ಹೇಗೆ? ಅಂಥ ಹೆಸರು ಇಲ್ಲಿ ಮಾಡಲು ಆಗುತ್ತದಾ?
– ಪಿ.ಟಿ. ಮಾಸ್ತರ, ಜತ್ ತಾಲೂಕು

ಉತ್ತರ: ಅಲ್ಲಿ ಎಣಿಸುವುದು ಶಾಲೆಗೆ ಶಾಲೆ ಎದುರಾಗುವ ಪಂದ್ಯಗಳನ್ನು, ತಂಡ ಗೆದ್ದರೆ ಆ ಗೆಲುವು ಕೋಚ್ ಲೆಕ್ಕಕ್ಕೆ. ಹಗುರದವನಿಂದ ದಢೂತಿಯವರೆಗೆ 12ರಿಂದ 14 ತೂಕ, ತೂಕಕ್ಕೊಬ್ಬ ಹುಡುಗ. ಚಿತ್ ಮಾಡಿದರೆ ತಂಡಕ್ಕೆ 6 ಪಾಯಿಂಟ್, ಸಣ್ಣ ಅಂತರದಲ್ಲಿ ಗೆದ್ದರೆ 3. ಅಂದರೆ ನಿಮ್ಮ ಬಡಕಲು ಹುಡುಗ ಆ ಕಡೆಯ ಹುಲಿಯಂಥ ಪೈಲ್ವಾನನ ಕೈಯಲ್ಲಿ ಸಿಕ್ಕು, ಆರು ನಿಮಿಷ ಬೆನ್ನು ನೆಲಕ್ಕೆ ತಾಗಿಸದೆ ಒದ್ದಾಡಿ, ಸ್ವಲ್ಪದರಲ್ಲೇ ಸೋತರೂ ತಂಡಕ್ಕೆ 3 ಪಾಯಿಂಟ್ ಉಳಿಸಿದ ಹಾಗೇ ಅಲ್ವಾ? ಒಂದು ತೂಕಕ್ಕೆ ಹುಡುಗನೇ ಇಲ್ಲದಿದ್ದರೆ 6 ಪಾಯಿಂಟ್ ಸುಮ್ನೆ ಹೋಯಿತು. ಹಾಗಾಗಿ ಅಲ್ಲಿನ ಕೋಚ್ ಸೋಲುವ ಹುಡುಗನನ್ನೂ ಬಿಟ್ಟುಕೊಡುವುದಿಲ್ಲ. ಅವರಲ್ಲಿ ಎಷ್ಟೋ ಜನ ಅದೇ ಶಾಲೆಯಲ್ಲಿ ಗಣಿತವನ್ನೋ ಇತಿಹಾಸವನ್ನೋ ಕಲಿಸುವ ಮಾಸ್ತರರು.

ನಮ್ಮಲ್ಲಿ ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಲ್ಲವೂ ಒಬ್ಬೊಬ್ಬನ ಆಟ. ಗೆದ್ದವನು ಕೊಲ್ಹಾಪುರದ ತಾಲೀಮಿಗೆ, ಅಂದರೆ ಗರಡಿಗೆ ಹೋಗುತ್ತಾನೆ, ಹೆಸರು ಅಲ್ಲಿ ಕುಸ್ತಿ ಕಲಿಸುವ ವಸ್ತಾದರಿಗೆ. ಸೋತವನು ದೀಪಾವಳಿ ಹೊತ್ತಿಗೆ ಬರುವುದನ್ನೇ ಬಿಡುತ್ತಾನೆ. ನೀವು ಪಕ್ಕದ ಶಾಲೆಯ ಮಾಸ್ತರರ ಜೊತೆ ಮಾತಾಡಿ, ಶನಿವಾರ ಇದೇ ಲೆಕ್ಕದಲ್ಲಿ ಒಂದು ಪಂದ್ಯ ಇಡಿ. ಮರಾಠಿ ಶಾಲೆಯಾದರೆ ಇನ್ನೂ ಒಳ್ಳೆಯದು, ಹುರುಪು ಜಾಸ್ತಿ. ಕೆಂಪು ಮಣ್ಣಿನ ಕಣವೇ ಸಾಕು, ಆದರೆ ಗಡಿಯಾರ ಹಿಡಿಯಿರಿ. ನಿಕಾಲಿ ಕುಸ್ತಿ, ಅಂದರೆ ಒಬ್ಬ ಚಿತ್ ಆಗುವವರೆಗೆ ನಡೆಯುವ ಕುಸ್ತಿ ನೋಡಿ ಬೆಳೆದ ಹುಡುಗರು ಕಾಯುತ್ತಾ ನಿಲ್ಲುತ್ತಾರೆ. ಆದರೆ ಒಲಿಂಪಿಕ್ಸ್‌ನಲ್ಲೂ ಇರುವ, ಮ್ಯಾಟ್ ಮೇಲಿನ ಫ್ರೀಸ್ಟೈಲ್‌ನಲ್ಲಿ ಚಿತ್ ಆಗದಿದ್ದರೂ ಇಬ್ಬರ ನಡುವೆ 10 ಪಾಯಿಂಟ್ ಅಂತರ ಬಿದ್ದರೆ ಅಲ್ಲಿಗೇ ಆಟ ಮುಗಿಯಿತು.

ಪ್ರಶ್ನೆ: ಮಗನಿಗೆ 15 ವರ್ಷ. ಮೂರು ದಿನದಲ್ಲಿ ನಾಲ್ಕು ಕಿಲೋ ಇಳಿಸು, ನೀರು ಕುಡಿಯಬೇಡ ಎಂದು ಕೋಚ್ ಹೇಳಿದ್ದಾರೆ.
– ಒಬ್ಬ ತಾಯಿ, ಅಕ್ಕಲಕೋಟ

ಉತ್ತರ: ಬೇಡವೇ ಬೇಡ. ನಾಳೆಯೇ ಹೋಗಿ ಹೇಳಿ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಬೆವರು ಸುರಿಸಿ ತೂಕ ಇಳಿಸಲು ಹೋಗಿ ಕೆಲವೇ ವಾರಗಳ ಅಂತರದಲ್ಲಿ ಸತ್ತರು. ಆಮೇಲೆ ಅಲ್ಲಿ ನಿಯಮ ಬಿಗಿಯಾಯಿತು. ಈಗ ಹೈಸ್ಕೂಲಿನಲ್ಲಿ ಸೀಸನ್ ಶುರುವಿನಲ್ಲೇ ಮೂತ್ರ ಪರೀಕ್ಷೆ ಮಾಡಿ, ಹುಡುಗ ಇಳಿಯಬಹುದಾದ ಕನಿಷ್ಠ ತೂಕ ಗೊತ್ತು ಮಾಡುತ್ತಾರೆ. ವಾರಕ್ಕೆ ಮೈತೂಕದ ಶೇ. 1.5ಕ್ಕಿಂತ ಹೆಚ್ಚು ಇಳಿಸುವಂತಿಲ್ಲ. ನಿಮ್ಮ ಮಗ 50 ಕಿಲೋ ಇದ್ದರೆ ವಾರಕ್ಕೆ ಮುಕ್ಕಾಲು ಕಿಲೋ, ಅಷ್ಟೇ. ಮೇಲಿನ ತೂಕದಲ್ಲೇ ಆಡಲಿ, ಸೋತರೆ ಸೋಲಲಿ. ಬೆಳೆಯುವ ಹುಡುಗ ಅವನು.

ಪ್ರಶ್ನೆ: ಮ್ಯಾಟ್ ಕೇಳಿದರೆ ಹೆಡ್‌ಮಾಸ್ತರರು ದುಡ್ಡಿಲ್ಲ ಎನ್ನುತ್ತಾರೆ.
– ಒಂಬತ್ತನೇ ಕ್ಲಾಸಿನವನು, ಸೊಲ್ಲಾಪುರ ಜಿಲ್ಲೆ

ಉತ್ತರ: ಪೈಲ್ವಾನ ಖಾಶಾಬಾ ಜಾಧವ್ 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋಗಲು ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ಪ್ರಿನ್ಸಿಪಾಲ್ ಖರ್ಡೇಕರ್ ತಮ್ಮ ಮನೆಯನ್ನೇ ಒತ್ತೆ ಇಟ್ಟು 7000 ರೂಪಾಯಿ ಕೊಟ್ಟಿದ್ದರು. ಜಾಧವ್ ಕಂಚು ತಂದರು, ಸ್ವತಂತ್ರ ಭಾರತಕ್ಕೆ ಒಬ್ಬರೇ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ನಿಮ್ಮ ಹೆಡ್‌ಮಾಸ್ತರರಿಗೆ ಇದನ್ನು ಓದಿ ಹೇಳು, ಮನೆಯ ವಿಷಯ ಮಾತ್ರ ಎತ್ತಬೇಡ. 12 ಮೀಟರ್ ಉದ್ದಗಲದ ಪೂರ್ತಿ ಮ್ಯಾಟ್ ಸ್ಪರ್ಧೆಗೆ ಬೇಕು, ಅಭ್ಯಾಸಕ್ಕೆ ಅದರ ಅರ್ಧ ಸಾಕು. ಅರ್ಧವನ್ನೇ ಕೇಳು.