ಹಬ್ಬದ ತಿಂಡಿ ಮೊದಲೇ ಮಾಡಿ ಫ್ರೀಜರ್‌ನಲ್ಲಿ ಇಡಬಹುದಾ?

ದೀಪಾವಳಿಗೆ ದಾವಣಗೆರೆಯ ಮನೆ ತುಂಬಾ ನೆಂಟರು, ಯಾವ ತಿಂಡಿ ಮೊದಲೇ ಮಾಡಿ ಫ್ರೀಜರ್‌ನಲ್ಲಿ ಇಡಬಹುದು ಅಂತ ಕೇಳಿದ್ದೀರಿ. ಧೈರ್ಯವಾಗಿ ಇಡಬಹುದಾದದ್ದು ಇಡ್ಲಿ ಮತ್ತು ಪಡ್ಡು.

ಇಡ್ಲಿ ಪೂರ್ತಿ ಆರಬೇಕು. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದರೆ ಹಬೆ ನೀರಾಗಿ, ಆಮೇಲೆ ಐಸ್ ಆಗಿ ಕೂರುತ್ತದೆ. ಮತ್ತೆ ಬಿಸಿ ಮಾಡಿದಾಗ ಇಡ್ಲಿ ಪಿಚಪಿಚ. ಹಾಗಂತ ಜಾಸ್ತಿ ಹೊತ್ತು ಹೊರಗೆ ಬಿಡಬೇಡಿ, 2 ಗಂಟೆಯೊಳಗೆ ಫ್ರೀಜರ್ ಸೇರಲಿ. ಮೊದಲು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿಡಿ. ಕಲ್ಲಿನಂತೆ ಗಟ್ಟಿಯಾದ ಮೇಲೆ ಜಿಪ್ ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆಯಿರಿ. ಒಂದು ತಿಂಗಳೊಳಗೆ ತಿಂದರೆ ರುಚಿ ಚೆನ್ನಾಗಿರುತ್ತದೆ. ಹಬ್ಬದ ಬೆಳಿಗ್ಗೆ ಕರಗಿಸುವುದೂ ಬೇಡ, ನೇರ ಇಡ್ಲಿ ಪಾತ್ರೆಗೆ ಹಾಕಿ. 8-10 ನಿಮಿಷದ ಹಬೆ ಸಾಕು. ಪಡ್ಡು ಆದರೆ ಪಡ್ಡಿನ ಹಂಚಿನಲ್ಲೇ ಎಣ್ಣೆ ಸವರಿ, ಮುಚ್ಚಿ, ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಒಳಗಿನ ತಂಪು ಪೂರ್ತಿ ಹೋಗಬೇಕು.

ಬೆಣ್ಣೆ ದೋಸೆ ಮಾತ್ರ ದಯವಿಟ್ಟು ಬೇಡ. ಹಂಚಿನಿಂದ ತಟ್ಟೆಗೆ ಬಿದ್ದ ಆ ಗಳಿಗೆಯಲ್ಲೇ ಅದರ ರುಚಿ, ಅಲ್ವಾ? ಹುದುಗಿದ ಹಿಟ್ಟನ್ನು ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಿ, 2-3 ದಿನ ನಡೆಯುತ್ತದೆ. ಬೆಣ್ಣೆ, ತುರಿದ ಕಾಯಿ ಫ್ರೀಜರ್‌ನಲ್ಲಿ ಚೆನ್ನಾಗಿಯೇ ಇರುತ್ತವೆ. ಆಲೂಗಡ್ಡೆ ಪಲ್ಯ ನೀರು ಬಿಟ್ಟು ರವೆರವೆಯಾಗುತ್ತದೆ, ಅವತ್ತೇ ಮಾಡಿ.

ಮಂಡಕ್ಕಿ ಒಗ್ಗರಣೆಗೆ ಫ್ರೀಜರ್ ಯಾಕೆ? ಪುಟಾಣಿ (ಹುರಿಗಡಲೆ) ಪುಡಿ ಮಾಡಿಟ್ಟಿದ್ದರೆ ಸಾಕು, ಕಾಲು ಗಂಟೆಯ ಕೆಲಸ.