ಲೊಂಬೊಕ್‌ನಿಂದ ಕೊಮೊಡೊಗೆ ದೋಣಿಯಲ್ಲಿ: ಈಜು ಅಷ್ಟಾಗಿ ಬಾರದವರು ಹೋಗಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಊರು ತಿಪಟೂರು, ಊಟ ಸಸ್ಯಾಹಾರ, ಈಜು ಅಷ್ಟಕ್ಕಷ್ಟೇ. ಬೆನ್ನಿಗೊಂದು ಚೀಲ ಹಾಕಿಕೊಂಡು ಇಂಡೊನೇಷ್ಯಾ ಸುತ್ತುವಾಗ, ಬಾಲಿಯ ಪಕ್ಕದ ಲೊಂಬೊಕ್ ದ್ವೀಪದಿಂದ ಕೊಮೊಡೊ ಹಾದು ಫ್ಲೋರೆಸ್ ದ್ವೀಪದ ಲಬುವಾನ್ ಬಾಜೊ ಬಂದರಿನವರೆಗಿನ ನಾಲ್ಕು ಹಗಲು, ಮೂರು ರಾತ್ರಿಯ ದೋಣಿ ಪ್ರಯಾಣ ಮಾಡಬಹುದೇ? ತುಮಕೂರಿನಿಂದ ಹೋಗಿ ಅದೇ ದಾರಿಯಲ್ಲಿ ಬಂದವನಾಗಿ ಹೇಳುತ್ತೇನೆ: ಹೋಗಿ. ಆದರೆ ದ್ವೀಪಗಳ ಚಿತ್ರ ನೋಡಿ ಮುಂಗಡ ಕೊಡಬೇಡಿ. ದ್ವೀಪಗಳು ಎಲ್ಲರಿಗೂ ಅವೇ, ಬದಲಾಗುವುದು ದೋಣಿ.

ಹಾಯಿ ಬಿಚ್ಚಿಕೊಂಡು ತೇಲುವ ಕನಸಿದ್ದರೆ ಇಲ್ಲಿಯೇ ಬಿಡಿ. ದಕ್ಷಿಣ ಸುಲಾವೆಸಿಯ 'ಪಿನಿಸಿ' ಹಾಯಿಹಡಗು ಕಟ್ಟುವ ಕಲೆಯನ್ನು ಯುನೆಸ್ಕೊ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ, ನಿಜ. ನಮ್ಮಂಥವರ ಬೆಲೆಗೆ ಸಿಗುವ ಮರದ ದೋಣಿಗಳು ಮಾತ್ರ ಬಹುತೇಕ ಡೀಸೆಲ್ ಎಂಜಿನ್ನಿನ ಮೇಲೇ ಓಡುತ್ತವೆ. ಅಗ್ಗದ ಟಿಕೆಟ್ ಎಂದರೆ ಮೇಲಟ್ಟದಲ್ಲಿ ಸಾಲಾಗಿ ಹಾಸಿದ ಹಾಸಿಗೆ, ತಲೆಗೆ ತಾಗುವ ಚಾವಣಿ, ಕೆಳಗೆ ರಾತ್ರಿಯಿಡೀ ಎಂಜಿನ್ನಿನ ಗುಡುಗುಡು. ಹಣ ಕೊಡುವ ಮುನ್ನ ಕೇಳಬೇಕಾದದ್ದು: ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಅದನ್ನು ಎಲ್ಲಿಟ್ಟಿದ್ದಾರೆ, ರೇಡಿಯೊ ಇದೆಯೇ, ರಾತ್ರಿ ಚುಕ್ಕಾಣಿ ಹಿಡಿಯಲು ಇಬ್ಬರಿದ್ದಾರೆಯೇ. ಸಾಧ್ಯವಾದರೆ ಬಂದರಿಗೇ ಹೋಗಿ ನೋಡಿ. ಉತ್ತರ ಕೊಡಲು ತಡವರಿಸಿದರೆ ಬೇರೆ ದೋಣಿ ಹುಡುಕಿ.

ಮೊದಲು ಮೋಯೊ ದ್ವೀಪದ ಜಲಪಾತ, ಆಮೇಲೆ ಸಟೊಂಡಾ. ಸಟೊಂಡಾದ ಜ್ವಾಲಾಮುಖಿ ಕುಳಿಯಲ್ಲಿ ಉಪ್ಪುನೀರಿನ ಕೆರೆಯಿದೆ. ಅಲ್ಲಿಂದ ಆಚೆ ಸುಂಬಾವಾ ದ್ವೀಪದ ಮೇಲೆ ಕಾಣುವ ಬೆಟ್ಟ ತಂಬೊರಾ ಜ್ವಾಲಾಮುಖಿ. 1815ರ ಏಪ್ರಿಲ್‌ನಲ್ಲಿ ಅದು ಸಿಡಿದ ಮೇಲೆ, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜೊತೆಯವರೆಲ್ಲ ನೀರಿಗೆ ಹಾರುತ್ತಿದ್ದಾಗ ನಾನು ಆ ಬೆಟ್ಟವನ್ನೇ ನೋಡುತ್ತ ಕುಳಿತಿದ್ದೆ.

ಇದಾದ ಮೇಲೆ ಸುಂಬಾವಾದ ಉತ್ತರ ದಡದುದ್ದಕ್ಕೂ ರಾತ್ರಿಯ ದೀರ್ಘ ಪಯಣ. ಹೊಟ್ಟೆಯ ನಿಜವಾದ ಪರೀಕ್ಷೆ ಇಲ್ಲೇ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬಂದ ಧೈರ್ಯ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ವಾಂತಿ ತಡೆಯುವ ಮಾತ್ರೆಯನ್ನು ತಲೆ ತಿರುಗುವ ಮೊದಲೇ ನುಂಗಬೇಕು; ಯಾವುದು ಎಂದು ವೈದ್ಯರನ್ನು ಊರಿನಲ್ಲೇ ಕೇಳಿಕೊಳ್ಳಿ. ದೋಣಿಯ ನಡುಭಾಗದಲ್ಲಿ, ಹೊಗೆ ಬಾರದ ಕಡೆ ಜಾಗ ಹಿಡಿಯಿರಿ.

ಈಜಿನ ವಿಷಯ. ನಮ್ಮ ಕಡೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ ಕಲಿತವರಿಗೆ ಒಂದು ಭ್ರಮೆಯಿರುತ್ತದೆ: ನೀರು ಇದ್ದಲ್ಲೇ ಇರುತ್ತದೆ ಎಂದು. ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ನುಗ್ಗುವುದು ಈ ದ್ವೀಪಗಳ ಸಂದುಗಳಿಂದಲೇ, ಸೆಳೆತ ಬಲವಾಗಿರುತ್ತದೆ. ಮಂಟಾ ರೇ ಎಂಬ ಅಗಲ ರೆಕ್ಕೆಯ ದೊಡ್ಡ ಮೀನುಗಳನ್ನು ನೋಡಲು ಇಳಿಯುವುದಾದರೆ ಲೈಫ್ ಜಾಕೆಟ್ ಹಾಕಿಯೇ ಇಳಿಯಿರಿ. ಯಾರು ನಕ್ಕರೂ ನಗಲಿ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಪಶ್ಚಿಮದ ಮಳೆಗಾಳಿ. ಬಂದರಿನವರೇ ದೋಣಿಗಳನ್ನು ತಡೆಯುವುದುಂಟು. ಜುಲೈ, ಆಗಸ್ಟ್‌ನಲ್ಲಿ ಮಳೆಯಿಲ್ಲದಿದ್ದರೂ ಆಗ್ನೇಯದ ಗಾಳಿ ಜೋರು. 2014ರ ಆಗಸ್ಟ್‌ನಲ್ಲಿ ಲೊಂಬೊಕ್‌ನಿಂದ ಕೊಮೊಡೊ ಕಡೆಗೆ ಹೊರಟ ಇಂಥದೇ ದೋಣಿಯೊಂದು ಮುಳುಗಿತ್ತು. ಮೇ, ಜೂನ್ ಅಥವಾ ಸೆಪ್ಟೆಂಬರ್, ಅಕ್ಟೋಬರ್ ಆರಿಸಿಕೊಳ್ಳಿ.

ಊಟಕ್ಕೆ ಅನ್ನ, ನೂಡಲ್ಸ್, ಸೋಯಾದಿಂದ ಮಾಡಿದ ತೋಫು, ಟೆಂಪೆ ಸಿಗುತ್ತವೆ. ಸಾಂಬಾಲ್ ಚಟ್ನಿಯಲ್ಲಿ ಸಾಮಾನ್ಯವಾಗಿ ಅರೆದ ಸೀಗಡಿ ಇರುತ್ತದೆ, ಬೇಡವೆಂದು ಮುಂಚೆಯೇ ಹೇಳಿ. ರಾಗಿ ಹುರಿಹಿಟ್ಟು, ಬೆಲ್ಲ, ಹುಚ್ಚೆಳ್ಳು ಚಟ್ನಿಪುಡಿ ಒಯ್ಯಿರಿ. ತಿಪಟೂರಿನವರಿಗೆ ಹೇಳಲು ಸಂಕಟವಾಗುತ್ತದೆ, ಆದರೂ ಕೊಬ್ಬರಿ ಬೇಡ: ಬೆಂಕಿ ಹೊತ್ತಿಕೊಳ್ಳುವ ವಸ್ತುವೆಂದು ಅದನ್ನು ವಿಮಾನಕ್ಕೆ ಬಿಡುವುದಿಲ್ಲ.

ಕೊನೆಗೆ ಪಾದರ್ ದ್ವೀಪದ ಬೆಟ್ಟ, ಗುಲಾಬಿ ಮರಳಿನ ದಡ, ಸಂಜೆ ಕಲೊಂಗ್ ದ್ವೀಪದಿಂದ ಏಳುವ ದೊಡ್ಡ ಬಾವಲಿಗಳ ಹಿಂಡು. ಕೊಮೊಡೊ ಡ್ರ್ಯಾಗನ್ ಎಂದರೆ ನಮ್ಮ ಬೇಲಿ ಸಾಲಿನ ಉಡದ ಕುಲವೇ; ಉದ್ದ ಮಾತ್ರ ಮೂರು ಮೀಟರ್‌ವರೆಗೆ, ಕಡಿತದಲ್ಲಿ ವಿಷ. ಅರಣ್ಯ ಕಾವಲುಗಾರರ ಜೊತೆಯಲ್ಲೇ ನಡೆಯಬೇಕು.

ಇವೆಲ್ಲವೂ ಇರುವುದು ಲಬುವಾನ್ ಬಾಜೊ ಕಡೆಯಲ್ಲಿ. ಹಾಗಾಗಿ ರಾತ್ರಿಯ ಪಯಣಕ್ಕೆ ಮನಸ್ಸು ಹಿಂಜರಿದರೆ ಬಾಲಿಯಿಂದ ಅಲ್ಲಿಗೆ ವಿಮಾನದಲ್ಲಿ ಹೋಗಿ, ಒಂದೆರಡು ದಿನದ ದೋಣಿ ಹಿಡಿಯಿರಿ. ತಪ್ಪುವುದು ಮೋಯೊ, ಸಟೊಂಡಾ, ತಂಬೊರಾ ಮಾತ್ರ. ನನಗೆ ಅದು ದೊಡ್ಡ ನಷ್ಟ, ನಿಮಗೆ ಆಗಲಿಕ್ಕಿಲ್ಲ.